ಜಾತಿ ಸರ್ಟಿಫಿಕೇಟಿನ ಹೆಸರು ಬೈಗುಳವಾದಾಗ

ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಜಾತಿನಿಂದನೆ ಕೇಸು ಹಾಕಿಸಿಕೊಂಡು ವಕೀಲನಾದ ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಒಂದೇ. ‘ಅವರ ಜಾತಿ ಸರ್ಟಿಫಿಕೇಟಿನಲ್ಲೇ ಆ ಹೆಸರಿದೆ ಅಲ್ವಾ ಸಾರ್? ಇರೋದನ್ನ ಹೇಳಿದ್ರೆ ತಪ್ಪೇನು?’ ಓದಿಕೊಂಡವರು ಇನ್ನೂ ಮುಂದೆ. ನಿಘಂಟಿನ ಜೆರಾಕ್ಸ್ ತಂದು, ಮೂಲದಲ್ಲಿ ಅದು ಬರೀ ಕಸುಬಿನ ಹೆಸರು ಎಂದು ನನಗೇ ಪಾಠ ಮಾಡುತ್ತಾರೆ.

ಇದಕ್ಕೆ ಸುಪ್ರೀಂ ಕೋರ್ಟ್ 2008ರಲ್ಲೇ, ಸ್ವರಣ್ ಸಿಂಗ್ ಪ್ರಕರಣದಲ್ಲಿ, ಉತ್ತರ ಕೊಟ್ಟಿದೆ. ಗೇಟಿನ ಹತ್ತಿರ ಕಾರಿನ ಪಕ್ಕ ನಿಂತಿದ್ದಾಗ ತನ್ನನ್ನು ‘ಚಮಾರ್’ ಎಂದು ಬೈದರು ಎಂಬುದು ಒಬ್ಬ ಡ್ರೈವರ್‌ನ ದೂರು. ಆ ಪದದ ಬೇರು ‘ಚರ್ಮಕಾರ’. ಚರ್ಮದ ಕೆಲಸ ಮಾಡುವವನು, ಅಷ್ಟೇ. ಆದರೆ ಕೋರ್ಟ್ ಬೇರು ಹುಡುಕಲು ಹೋಗಲಿಲ್ಲ. ಜನ ಇವತ್ತು ಆ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಾರೋ ಅದನ್ನೇ ನೋಡಬೇಕು ಎಂದಿತು. ಮೂಲದ ಅರ್ಥ ಹಿಡಿದು ಕೂತರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆಯ ಉದ್ದೇಶವೇ ಕೆಡುತ್ತದೆ ಎಂದೂ ಹೇಳಿತು. ಸರ್ಟಿಫಿಕೇಟಿನಲ್ಲಿ ಆ ಹೆಸರು ಇರುವುದು ಸೌಲಭ್ಯಕ್ಕೆ. ನೀವು ಅದನ್ನು ಕೂಗಿದ್ದು ಅವನನ್ನು ಕೆಳಗೆ ತಳ್ಳಲಿಕ್ಕೆ. ಕೂಗಿದವರಿಗೂ ಇದು ಗೊತ್ತಿರುತ್ತದೆ.

ಒಂದು ತೋಟದಲ್ಲಿ ಅಡಿಕೆ ಕೊನೆ ತೆಗೆಯುವಾಗ ಕೂಲಿ ವಿಷಯಕ್ಕೆ ಜಗಳ ಹತ್ತಿತ್ತು. ಮಾಲೀಕರು ನನ್ನ ಕಕ್ಷಿದಾರರು, ಕೆಟ್ಟ ಮನುಷ್ಯರೇನಲ್ಲ. ‘ಸುಮ್ನೆ ಬಾಯಿಗೆ ಬಂತು’ ಎನ್ನುತ್ತಿದ್ದರು. ದೂರಿನಲ್ಲಿ ಒಂದು ಸಾಲಿತ್ತು: ಬೈಯುವಾಗ ದೂರು ಕೊಟ್ಟವರ ಕಾಲೇಜಿಗೆ ಹೋಗುವ ಮಗ ಪಕ್ಕದಲ್ಲೇ ಅಡಿಕೆ ಹೆಕ್ಕುತ್ತಿದ್ದ. ಅದನ್ನು ಓದಿ ಹೇಳಿದ ಮೇಲೆ ಅವರು ನಿಘಂಟಿನ ಮಾತು ಎತ್ತಲಿಲ್ಲ.

ಹಾಗಂತ ಎಲ್ಲ ಕೇಸೂ ನಿಲ್ಲುತ್ತದೆ ಎಂದಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಈ ಕಲಮಿಗೆ ಬೈಗುಳ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆಯೊಳಗೆ ಆಡಿದ ಮಾತು ಅದರಡಿ ಬರುವುದಿಲ್ಲ ಎಂದು 2020ರ ತೀರ್ಪೊಂದಿದೆ. ಯಾರು ಎಲ್ಲಿ ನಿಂತಿದ್ದರು, ಯಾರಿಗೆ ಕೇಳಿಸಿತು ಎಂಬುದರ ಮೇಲೆ ಕೇಸು ಜಾಸ್ತಿ ನಿಂತಿರುತ್ತದೆ. ನಿಮ್ಮ ಕೇಸಿನ ಕಾಗದ ನೋಡದೆ ಏನೂ ಹೇಳಲಾಗದು. ಸಾಬೀತಾದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನಿಗೆ ಸಾಮಾನ್ಯವಾಗಿ ದಾರಿಯಿಲ್ಲ.

ಆ ಮಾಲೀಕರು ಕ್ಷಮೆ ಕೇಳಲು ಹೋಗಬಹುದೇ ಎಂದರು. ಮನಸ್ಸಿನಿಂದ ಕೇಳುವುದಾದರೆ ಕೇಳಿ, ಕೇಸು ಹಿಂತೆಗೆಯಿರಿ ಎಂದು ಮಾತ್ರ ಒತ್ತಾಯಿಸಬೇಡಿ ಎಂದೆ. ರಾಜಿಯಾದ ಮಾತ್ರಕ್ಕೆ ಇಂಥ ಕೇಸು ತಾನಾಗಿ ಮುಗಿಯುವುದಿಲ್ಲ, ಅದನ್ನು ಹೈಕೋರ್ಟ್ ಒಪ್ಪಬೇಕು.