ಕಾಲೇಜಿನಲ್ಲಿ 28, ಎನ್‌ಬಿಎಯಲ್ಲಿ 4: ಲೆನ್ನಿ ರೋಸೆನ್‌ಬ್ಲೂತ್‌ಗೆ ಏನಾಯಿತು?

ಪ್ರಶ್ನೆ: 1957ರಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಒಂದೂ ಪಂದ್ಯ ಸೋಲದೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಾಗ ಆ ತಂಡದ ತಾರೆ ಲೆನ್ನಿ ರೋಸೆನ್‌ಬ್ಲೂತ್. ಆದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಅವರು ಆಡಿದ್ದು ಎರಡೇ ಸೀಸನ್. ಏಕೆ? ಯೆಹೂದಿ ಎನ್ನುವುದೇನಾದರೂ ಅಡ್ಡ ಬಂತೇ?

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. ಇಲ್ಲ. ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆರನೆಯವರಾಗಿ ಅವರನ್ನು ಆರಿಸಿಕೊಂಡದ್ದು ಫಿಲಡೆಲ್ಫಿಯಾ ವಾರಿಯರ್ಸ್. ಅದರ ಮಾಲೀಕ ಎಡ್ಡಿ ಗಾಟ್ಲೀಬ್ ಸ್ವತಃ ಯೆಹೂದಿ. ಎನ್‌ಬಿಎ ಹುಟ್ಟುವ ಎಷ್ಟೋ ವರ್ಷ ಮೊದಲೇ ಯೆಹೂದಿ ಹುಡುಗರ ತಂಡ ಕಟ್ಟಿ ಬೆಳೆಸಿದವರು. ಲೀಗಿನ ದೊಡ್ಡ ತಾರೆಗಳಲ್ಲೊಬ್ಬರಾಗಿದ್ದ ಸಿರಕ್ಯೂಸ್‌ನ ಡಾಲ್ಫ್ ಶೇಯಸ್ ಕೂಡ ಯೆಹೂದಿಯೇ. ಆ ಕಾಲದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದೇನೂ ಅಪರೂಪವಲ್ಲ.

ಅಸಲು ಕಾರಣ ತಿಳಿಯಬೇಕಾದರೆ ಕಾಲೇಜಿನ ಅಂಕಿಅಂಶ ಎಂಥ ಆಟದಲ್ಲಿ ಬಂದವು ಎಂದು ನೋಡಬೇಕು. ರೋಸೆನ್‌ಬ್ಲೂತ್ ನ್ಯೂಯಾರ್ಕ್‌ನ ಬ್ರಾಂಕ್ಸ್‌ನವರು, 1933ರಲ್ಲಿ ಹುಟ್ಟಿದವರು, 6 ಅಡಿ 5 ಇಂಚು ಎತ್ತರ, ತೆಳ್ಳಗಿನ ಮೈಕಟ್ಟು. ಕೋಚ್ ಫ್ರಾಂಕ್ ಮೆಗ್ವಾಯರ್ ನ್ಯೂಯಾರ್ಕ್ ಬಿಟ್ಟು ನಾರ್ತ್ ಕ್ಯಾರೊಲೈನಾಕ್ಕೆ ಹೋದಾಗ ಅವರ ಬೆನ್ನಿಗೆ ಆ ಕಡೆಯ ಹುಡುಗರೂ ಹೋದರು. 1957ರ ಮೊದಲ ಐವರಲ್ಲಿ ಒಬ್ಬರೂ ಸ್ಥಳೀಯರಲ್ಲ: ನಾಲ್ವರು ಕ್ಯಾಥೊಲಿಕರು, ಒಬ್ಬರು ಯೆಹೂದಿ, ಎಲ್ಲರೂ ನ್ಯೂಯಾರ್ಕ್ ಸುತ್ತಮುತ್ತಲಿನವರು.

ಮೊದಲ ವರ್ಷದವರನ್ನು ಆಗ ಮುಖ್ಯ ತಂಡಕ್ಕೆ ಸೇರಿಸುತ್ತಿರಲಿಲ್ಲ. ಹಾಗಾಗಿ ರೋಸೆನ್‌ಬ್ಲೂತ್‌ಗೆ ಸಿಕ್ಕಿದ್ದು ಮೂರೇ ಸೀಸನ್: 76 ಪಂದ್ಯ, 2,045 ಪಾಯಿಂಟ್, ಸರಾಸರಿ 26.9. ಕೊನೆಯ ವರ್ಷ 32 ಪಂದ್ಯಗಳಲ್ಲಿ 895, ಅಂದರೆ ಸರಾಸರಿ 28. ಅವರ ವಿಶ್ವವಿದ್ಯಾಲಯದಲ್ಲಿ ಒಂದು ಸೀಸನ್ನಿಗೆ ಇಂದಿಗೂ ಅದೇ ದಾಖಲೆ. ದೂರದಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಪಾಯಿಂಟ್ ಕೊಡುವ ಗೆರೆಯೇ ಇಲ್ಲದ ಕಾಲದಲ್ಲಿ ಬಂದ ಸಂಖ್ಯೆಗಳಿವು. ಕಾಲೇಜು ಆಟಕ್ಕೆ ಆ ಗೆರೆ ಬಂದದ್ದು 1986ರಲ್ಲಿ.

ಶಾಟ್ ಕ್ಲಾಕ್ ಕೂಡ ಇರಲಿಲ್ಲ. ಚೆಂಡು ಕೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ಕಾಯಬಹುದಿತ್ತು. 1957ರ ಮಾರ್ಚ್ 23ರಂದು ಕಾನ್ಸಸ್ ಸಿಟಿಯಲ್ಲಿ ನಡೆದ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಎದುರಾಳಿ ಕಾನ್ಸಸ್, ಅವರ ನಡುವೆ ಏಳಡಿ ದಾಟಿದ ವಿಲ್ಟ್ ಚೇಂಬರ್ಲಿನ್. ಆಟ ಶುರುಮಾಡಲು ಚೆಂಡು ಮೇಲೆಸೆಯುವಾಗ ಚೇಂಬರ್ಲಿನ್ ಎದುರು ಜಿಗಿಯಲು ಮೆಗ್ವಾಯರ್ ಕಳಿಸಿದ್ದು ತಂಡದ ಗಿಡ್ಡ ಗಾರ್ಡ್ ಟಾಮಿ ಕರ್ನ್ಸ್‌ರನ್ನು. ಹೇಗೂ ಸಿಗದ ಚೆಂಡಿಗೆ ಎತ್ತರದವನನ್ನು ಏಕೆ ವ್ಯರ್ಥ ಮಾಡಬೇಕು ಎಂಬ ಲೆಕ್ಕ. 40 ನಿಮಿಷಕ್ಕೆ 46-46. ಮೊದಲ ಹೆಚ್ಚುವರಿ ಅವಧಿಯಲ್ಲಿ ತಂಡಕ್ಕೆ ಎರಡೆರಡು ಪಾಯಿಂಟ್. ಎರಡನೆಯದರಲ್ಲಿ ಐದು ನಿಮಿಷ ಆಡಿಯೂ ಎರಡೂ ಕಡೆ ಸೊನ್ನೆ. ಮೂರನೆಯದರ ಕೊನೆಗೆ ಜೋ ಕ್ವಿಗ್ ಎರಡು ಫ್ರೀ ಥ್ರೋ ಹಾಕಿದ ಮೇಲೆ 54-53. ರೋಸೆನ್‌ಬ್ಲೂತ್ ಆ ಹೊತ್ತಿಗೆ ಬೆಂಚಿನಲ್ಲಿದ್ದರು: ನಿಗದಿತ ಸಮಯ ಮುಗಿಯಲು ಎರಡು ನಿಮಿಷವೂ ಇಲ್ಲದಾಗ ಐದನೇ ಫೌಲ್ ಆಗಿ ಹೊರಬಿದ್ದಿದ್ದರು. ಅಷ್ಟರೊಳಗೇ 20 ಪಾಯಿಂಟ್ ಹೊಡೆದಾಗಿತ್ತು. ಅಂದರೆ 55 ನಿಮಿಷದ ಪಂದ್ಯದಲ್ಲಿ ತಂಡ ಗಳಿಸಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅವರೊಬ್ಬರದೇ. ಆ ವರ್ಷ ಹೆಲ್ಮ್ಸ್ ಫೌಂಡೇಶನ್ ಚೇಂಬರ್ಲಿನ್‌ರನ್ನು ಬಿಟ್ಟು ಇವರನ್ನು ದೇಶದ ಶ್ರೇಷ್ಠ ಕಾಲೇಜು ಆಟಗಾರ ಎಂದು ಆರಿಸಿತು. ನಮ್ಮ ಕಣ್ಣಿಗೆ ಅದರಲ್ಲಿ ಅತಿಶಯವೇನಿಲ್ಲ.

ಎನ್‌ಬಿಎ ಆಟವೇ ಬೇರೆ. 1954ರಿಂದ ಅಲ್ಲಿ 24 ಸೆಕೆಂಡಿನೊಳಗೆ ಶಾಟ್ ಹೊಡೆಯಲೇಬೇಕು. ತಂಡವೊಂದು 100 ದಾಟುವುದು ಮಾಮೂಲಿ. ಬಿಡುವಿಲ್ಲದ ಓಟ, ಒರಟು ತಳ್ಳಾಟ. ಕಾಲೇಜಿನಲ್ಲಿ 6 ಅಡಿ 5 ಇಂಚಿನವರು ಬುಟ್ಟಿಯ ಹತ್ತಿರ ನಿಂತು ಹುಕ್ ಶಾಟ್ ಹಾಕಿ ಬದುಕಬಹುದಿತ್ತು. ಎನ್‌ಬಿಎಯಲ್ಲಿ ಬುಟ್ಟಿಯ ಹತ್ತಿರ ನಿಲ್ಲುವವರು ಇನ್ನೂ ಎತ್ತರ, ಇನ್ನೂ ದಪ್ಪ.

ಇದನ್ನು ರೂಢಿ ಮಾಡಿಕೊಳ್ಳಬಹುದಿತ್ತು, ಆಡಲು ಹೊತ್ತು ಸಿಕ್ಕಿದ್ದರೆ. ಅದೇ ಸಿಗಲಿಲ್ಲ. ಅವರ ಫಾರ್ವರ್ಡ್ ಜಾಗದಲ್ಲಿ ಆಗಲೇ ಇದ್ದವರು ಪಾಲ್ ಅರಿಝಿನ್. ಹಿಂದಿನ ಸೀಸನ್ನಿನಲ್ಲಿ ಇಡೀ ಲೀಗಿಗೇ ಅತಿ ಹೆಚ್ಚು ಸರಾಸರಿ ಅವರದು. ಸೇನಾ ಸೇವೆ ಮುಗಿಸಿ ಟಾಮ್ ಗೋಲಾ ಮರಳಿದ್ದೂ ಅದೇ ವರ್ಷ. ಸಾಲದ್ದಕ್ಕೆ ಅದೇ ಡ್ರಾಫ್ಟ್‌ನ ಎಂಟನೇ ಸುತ್ತಿನಲ್ಲಿ ವಾರಿಯರ್ಸ್ ಆರಿಸಿದ್ದ ಫಾರ್ವರ್ಡ್ ವುಡಿ ಸಾಲ್ಡ್ಸ್‌ಬೆರಿ ಆ ಸೀಸನ್ನಿನ ಶ್ರೇಷ್ಠ ಹೊಸ ಆಟಗಾರ ಎನಿಸಿಕೊಂಡರು. ಮೊದಲ ಸುತ್ತಿನವರು ಬೆಂಚಿನಲ್ಲಿ, ಎಂಟನೇ ಸುತ್ತಿನವರು ಅಂಗಳದಲ್ಲಿ. ಬೇರೆ ತಂಡಕ್ಕೆ ಹೋಗೋಣವೆಂದರೆ ಲೀಗಿನಲ್ಲಿದ್ದದ್ದೇ ಎಂಟು ತಂಡ. ಎರಡು ಸೀಸನ್ನಿಗೆ 82 ಪಂದ್ಯ, ಸರಾಸರಿ 4.2. ಈ 4.2 ಬೆಂಚಿನಿಂದ ಎದ್ದು ಬಂದು ಸ್ವಲ್ಪ ಹೊತ್ತು ಆಡಿದವರ ಸರಾಸರಿ. ಇದನ್ನು 28ರ ಪಕ್ಕ ಇಟ್ಟು ಆಟವೇ ಮರೆತುಹೋಯಿತೆಂದು ಓದುವುದು ತಪ್ಪು.

1959ರಲ್ಲಿ ಅವರು ತಂಡ ಬಿಟ್ಟರು. ಅದೇ ವರ್ಷ ಅದೇ ವಾರಿಯರ್ಸ್‌ಗೆ ಬಂದವರು ಚೇಂಬರ್ಲಿನ್. ರೋಸೆನ್‌ಬ್ಲೂತ್ ಶಿಕ್ಷಕರಾದರು, ಫ್ಲಾರಿಡಾದಲ್ಲಿ ದಶಕಗಳ ಕಾಲ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿ, ಬ್ಯಾಸ್ಕೆಟ್‌ಬಾಲ್ ಕಲಿಸಿ, 2022ರ ಜೂನ್‌ನಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ 10ನೇ ನಂಬರಿನ ಜೆರ್ಸಿಯನ್ನು ನಾರ್ತ್ ಕ್ಯಾರೊಲೈನಾ ಇನ್ನಾರಿಗೂ ಕೊಡುವುದಿಲ್ಲ.