ಕಲ್ಲಿದ್ದಲು ಕಾಡಿನ ಎಲೆ ಸಿಕ್ಕಿತು: ಅದು ನಿಜಕ್ಕೂ ಜರೀಗಿಡವೇ?

ಕಾರ್ಬೊನಿಫೆರಸ್ ಅವಧಿಯ ಉತ್ತರಾರ್ಧ ಸುಮಾರು 32.3 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 29.9 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಆಗ ಇಂದಿನ ಯುರೋಪ್ ಮತ್ತು ಉತ್ತರ ಅಮೆರಿಕದ ದೊಡ್ಡ ಭಾಗ ಸಮಭಾಜಕ ವೃತ್ತದ ಆಸುಪಾಸಿನಲ್ಲಿತ್ತು. ಅಲ್ಲಿನ ಜವುಗು ಕಾಡುಗಳೇ ಕಲ್ಲಿದ್ದಲಾದವು. ಆ ಕಾಡಿನ ಎಲೆಗಳನ್ನು ಸಂಗ್ರಹಿಸಲು ಹೊರಟವರಿಗೆ ಉಪಯೋಗವಾಗಲಿ ಎಂದು ಈ ಟಿಪ್ಪಣಿ.

ಮೊದಲು, ಎಲ್ಲಿ ಹುಡುಕಬೇಕು? ಕಲ್ಲಿದ್ದಲಿನೊಳಗಲ್ಲ. ಅದರಲ್ಲಿ ಸಸ್ಯಭಾಗಗಳು ಒತ್ತಡಕ್ಕೆ ಸಿಕ್ಕಿ ಒಂದಾಗಿಬಿಟ್ಟಿರುತ್ತವೆ. ಬರಿಗಣ್ಣಿಗೆ ಎಲೆ ಕಾಣುವುದು ಅಪರೂಪ. ಕಲ್ಲಿದ್ದಲ ಪದರದ ಕೆಳಗಿನ ಜೇಡಿಯಲ್ಲಿ ಬೇರುಗಳು ಸಿಗುತ್ತವೆ. ಎಲೆ ಬೇಕಾದರೆ ಮೇಲಿನ ಶೇಲ್ ಕಲ್ಲನ್ನು ನೋಡಬೇಕು. ನೀರು ತಂದು ಸುರಿದ ನುಣುಪು ಕೆಸರು ಎಲೆಗಳನ್ನು ಕೊಳೆಯುವ ಮೊದಲೇ ಮುಚ್ಚಿತು, ಆ ಕೆಸರೇ ಗಟ್ಟಿಯಾಗಿ ಶೇಲ್ ಆಯಿತು. ಗಣಿಯಿಂದ ಹೊರಹಾಕಿದ ಕಲ್ಲುರಾಶಿಗಳಲ್ಲಿ ಸಂಗ್ರಾಹಕರು ಹುಡುಕುವುದು ಇದನ್ನೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಲ್ಲು ಸೀಳಿದಾಗ ಜರೀಗಿಡದಂಥ ಗರಿ ಕಂಡ ಕೂಡಲೇ ಚೀಟಿಯಲ್ಲಿ ‘ಜರೀಗಿಡ’ ಎಂದು ಬರೆಯುವ ಆತುರ ಬೇಡ. ಈ ಕಾಡುಗಳಲ್ಲಿ ಎಲೆ ಜರೀಗಿಡದಂತಿದ್ದರೂ ಬೀಜ ಬಿಡುತ್ತಿದ್ದ ಸಸ್ಯಗಳು ಹೇರಳವಾಗಿದ್ದವು. ಅವನ್ನು ಬೀಜ-ಜರೀಗಿಡ ಎನ್ನುತ್ತೇವೆ. ನಿಜವಾದ ಜರೀಗಿಡಗಳು ಧೂಳಿನಂಥ ಬೀಜಾಣುಗಳಿಂದ (ಸ್ಪೋರ್) ಹರಡುತ್ತವೆ, ಬೀಜ ಬಿಡುವುದೇ ಇಲ್ಲ. ಈ ವ್ಯತ್ಯಾಸ ಖಚಿತವಾದ ಕತೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನ ಕಲ್ಲಿದ್ದಲ ಪದರಗಳಲ್ಲಿ ಕೋಲ್ ಬಾಲ್ ಎಂಬ ಸುಣ್ಣದ ಗಂಟುಗಳು ಸಿಗುತ್ತವೆ. ಅವುಗಳಲ್ಲಿ ಸಸ್ಯದ ಜೀವಕೋಶಗಳ ರಚನೆಯೂ ಉಳಿದಿರುತ್ತದೆ. ಅಂಥ ಗಂಟುಗಳಲ್ಲಿ ಸಿಕ್ಕಿದ್ದ ಲ್ಯಾಜಿನೋಸ್ಟೋಮಾ ಎಂಬ ಬೀಜವನ್ನು ಸುತ್ತುವರಿದ ಬಟ್ಟಲಿನಂಥ ಹೊದಿಕೆಯ ಮೇಲೆ ಗುಂಡುತಲೆಯ ಸಣ್ಣ ಗ್ರಂಥಿಗಳಿದ್ದವು. ಲೈಜಿನಾಪ್ಟೆರಿಸ್ ಎಂಬ ಸಸ್ಯದ ಕಾಂಡ ಮತ್ತು ಎಲೆತೊಟ್ಟಿನ ಮೇಲೂ ಅದೇ ಬಗೆಯ ಗ್ರಂಥಿಗಳು. ಬೀಜ ಮತ್ತು ಗಿಡ ಒಂದಕ್ಕೊಂದು ಅಂಟಿಕೊಂಡ ಮಾದರಿ ಕೈಯಲ್ಲಿರಲಿಲ್ಲ. ಆದರೂ ಈ ಗ್ರಂಥಿಗಳ ಆಧಾರದ ಮೇಲೆ ಸಸ್ಯವಿಜ್ಞಾನಿಗಳಾದ ಎಫ್. ಡಬ್ಲ್ಯೂ. ಆಲಿವರ್ ಮತ್ತು ಡಿ. ಎಚ್. ಸ್ಕಾಟ್ 1903ರಲ್ಲಿ ಎರಡೂ ಒಂದೇ ಸಸ್ಯದವು ಎಂದು ತೋರಿಸಿದರು. ಅಷ್ಟು ಚಿಕ್ಕ ಗುರುತಿನಿಂದ ಸಸ್ಯಗಳ ಒಂದು ಇಡೀ ಗುಂಪು ಬೆಳಕಿಗೆ ಬಂತು.

ಹಾಗಾಗಿ ನಾವು ಚೀಟಿಯಲ್ಲಿ ಬರೆಯುವ ಹೆಸರು ಹೆಚ್ಚಾಗಿ ಎಲೆಯ ಆಕಾರಕ್ಕೆ ಕೊಟ್ಟದ್ದು, ಇಡೀ ಗಿಡಕ್ಕಲ್ಲ. ಕಾಂಡಕ್ಕೆ, ಬೀಜಕ್ಕೆ, ಎಲೆಗೆ ಬೇರೆ ಬೇರೆ ಹೆಸರು. ಪೆಕಾಪ್ಟೆರಿಸ್ ಎಲೆಗಳಲ್ಲಿ ಹಲವು ಸರೋನಿಯಸ್ ಎಂಬ ಮರ-ಜರೀಗಿಡದವು; ನ್ಯೂರಾಪ್ಟೆರಿಸ್ ಮತ್ತು ಅಲಿಥಾಪ್ಟೆರಿಸ್ ಮೆಡುಲೋಸಾ ಬಳಗದ ಬೀಜ-ಜರೀಗಿಡಗಳವು. ಗುರುತಿಸಲು ಕಿರುದಳದ, ಅಂದರೆ ಗರಿಯ ದಂಟಿನ ಎರಡೂ ಬದಿಗೆ ಸಾಲಾಗಿರುವ ಪುಟ್ಟ ಎಲೆಭಾಗದ, ಬುಡ ನೋಡಿ. ಅಗಲವಾದ ಬುಡ ಪೂರ್ತಿ ದಂಟಿಗೆ ಅಂಟಿಕೊಂಡು, ಅಂಚುಗಳು ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ ಪೆಕಾಪ್ಟೆರಿಸ್. ಬುಡ ಹೃದಯದಾಕಾರದಲ್ಲಿ ಒಳಸರಿದು ಒಂದೇ ಬಿಂದುವಿನಲ್ಲಿ ಅಂಟಿದ್ದು, ನಡುನರ ತುದಿ ಮುಟ್ಟುವ ಮೊದಲೇ ಕವಲೊಡೆದು ಮಾಯವಾದರೆ ನ್ಯೂರಾಪ್ಟೆರಿಸ್. ಬುಡ ದಂಟಿನ ಉದ್ದಕ್ಕೆ ಇಳಿದು ಪಕ್ಕದ ಕಿರುದಳವನ್ನು ಮುಟ್ಟುವಂತಿದ್ದು ನಡುನರ ಗಟ್ಟಿಯಾಗಿದ್ದರೆ ಅಲಿಥಾಪ್ಟೆರಿಸ್. ನಡುನರವೇ ಇಲ್ಲದೆ ಹಲವು ನರಗಳು ನೇರ ದಂಟಿನಿಂದ ಹೊರಟರೆ ಓಡಾಂಟಾಪ್ಟೆರಿಸ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು, ಆದರೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ನೇರ ಬೆಳಕಿನಲ್ಲಿ ನರಗಳು ಅಡಗುತ್ತವೆ. ಪೆಕಾಪ್ಟೆರಿಸ್‌ನ ಅಡಿಭಾಗ ಸಿಕ್ಕಿ, ಅದರ ಮೇಲೆ ಸಾಲಾಗಿ ಬೀಜಾಣುಚೀಲಗಳ ಗುಂಪು ಕಂಡರೆ ಆಗ ಮಾತ್ರ ಧೈರ್ಯವಾಗಿ ಜರೀಗಿಡ ಎನ್ನಿ. ಅಂಥ ಒಂದು ತುಣುಕು, ಅಂಚು ಮುರಿದಿದ್ದರೂ, ಬರಿಯ ಎಲೆಯ ಹತ್ತು ಸುಂದರ ಮಾದರಿಗಳಿಗಿಂತ ಹೆಚ್ಚು ಹೇಳುತ್ತದೆ.

ಎಲ್ಲ ಕಡೆಯೂ ಎಲೆ ಒಂದೇ ರೀತಿ ಉಳಿದಿರುವುದಿಲ್ಲ. ಪೆನ್ಸಿಲ್ವೇನಿಯಾದ ಸೇಂಟ್ ಕ್ಲೇರ್‌ನಲ್ಲಿ ಎಲೆಯ ಜಾಗದಲ್ಲಿ ಪೈರೋಫಿಲೈಟ್ ಖನಿಜ ಕೂತು, ಕಪ್ಪು ಶೇಲಿನ ಮೇಲೆ ಬಿಳಿಯ ಗರಿಗಳು ಮೂಡಿವೆ. ಇಲಿನಾಯ್‌ನ ಮೇಜಾನ್ ಕ್ರೀಕ್‌ನಲ್ಲಿ ಎಲೆಯ ಸುತ್ತ ಸಿಡರೈಟ್ ಎಂಬ ಕಬ್ಬಿಣದ ಖನಿಜ ಗಟ್ಟಿಯಾಗಿ ಗಂಟು ಕಟ್ಟಿದೆ. ಅವನ್ನು ಸುತ್ತಿಗೆಯಿಂದ ಒಡೆಯುವುದು ನನಗೆ ಒಪ್ಪಿಗೆಯಿಲ್ಲ. ಗಂಟು ಅಡ್ಡಾದಿಡ್ಡಿ ಒಡೆದು ಎಲೆ ಹಾಳಾಗಬಹುದು. ನೀರಿನಲ್ಲಿ ನೆನೆಸಿ, ಹೆಪ್ಪುಗಟ್ಟಿಸಿ, ಕರಗಿಸಿ, ಇದನ್ನೇ ಮತ್ತೆ ಮತ್ತೆ ಮಾಡಿದರೆ ಪಳೆಯುಳಿಕೆಯ ಸಮತಲದಲ್ಲೇ ಅದು ಬಿಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು. ಶೇಲ್ ಆದರೆ ಪದರದ ಅಂಚಿಗೆ ಅಗಲ ಬಾಯಿಯ ಉಳಿ ಇಟ್ಟು ಮೆಲ್ಲಗೆ ತಟ್ಟಿ. ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು.

ಸೀಳಿದಾಗ ಬರುವ ಎರಡು ಹೋಳುಗಳನ್ನೂ ಇಟ್ಟುಕೊಳ್ಳಿ, ಒಂದರಲ್ಲಿ ಕಾಣದ ನರ ಇನ್ನೊಂದರಲ್ಲಿ ಇರಬಹುದು. ಎರಡಕ್ಕೂ ಒಂದೇ ಸಂಖ್ಯೆ. ಜೊತೆಗೆ ಸ್ಥಳ, ದಿನಾಂಕ, ಕಲ್ಲಿದ್ದಲ ಪದರದಿಂದ ಎಷ್ಟು ಮೇಲೆ ಸಿಕ್ಕಿತು ಎಂಬುದನ್ನು ಅಲ್ಲೇ ಬರೆಯಿರಿ. ಕಲ್ಲುರಾಶಿಯಲ್ಲಿ ಸಿಕ್ಕಿದ್ದರೆ ಹಾಗೆಂದೇ ನಮೂದಿಸಿ, ಪದರವನ್ನು ಊಹಿಸಬೇಡಿ. ಒದ್ದೆ ಶೇಲನ್ನು ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಕಾಗದದಲ್ಲಿ ಸುತ್ತಿ ನೆರಳಲ್ಲಿ ನಿಧಾನವಾಗಿ ಒಣಗಿಸಿ. ವಾರ್ನಿಷ್ ಬಳಿಯಬೇಡಿ, ಅದರ ಹೊಳಪಿನಲ್ಲಿ ಸೂಕ್ಷ್ಮ ವಿವರಗಳು ಕಾಣದಂತಾಗುತ್ತವೆ.

ಜಾಗದ ಒಡೆಯರ ಒಪ್ಪಿಗೆಯನ್ನು ಹೊರಡುವ ಮೊದಲೇ ಪಡೆದಿರಬೇಕು. ಕೆನಡಾದ ಜಾಗಿನ್ಸ್ ಕಡಲಬಂಡೆಗಳು 2008ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಪರವಾನಗಿ ಇಲ್ಲದೆ ಅಲ್ಲಿಂದ ಪಳೆಯುಳಿಕೆ ತೆಗೆಯುವಂತಿಲ್ಲ. ಅಂಥ ಕಡೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಳ್ಳಿ. ಕಿರುದಳದ ಬುಡ ಮತ್ತು ನರಗಳು ಅದರಲ್ಲಿ ಸ್ಪಷ್ಟವಾಗಿದ್ದರೆ ಮೇಲೆ ಹೇಳಿದ ಎಲೆಬಗೆಗಳನ್ನು ಗುರುತಿಸಲು ಸಾಕು.