ಒಸಡೊಳಗೆ ಸಿಕ್ಕಿಕೊಂಡ ಕೋರೆಹಲ್ಲು: ಮುಂದಿದೆಯೋ, ಹಿಂದಿದೆಯೋ?

ಬಾಯಿಗೆ ಬರಲು ಮೇಲಿನ ಕೋರೆಹಲ್ಲಿನಷ್ಟು ದೂರ ಸಾಗುವ ಹಲ್ಲು ಇನ್ನೊಂದಿಲ್ಲ. ಅದು ಹುಟ್ಟುವುದು ಮೂಗಿನ ಪಕ್ಕ, ಕಣ್ಣಿನ ಗುಳಿಯ ಕೆಳಗೆ. ಇಳಿದು ಹೊರಬರುವ ಹೊತ್ತಿಗೆ ಮಗುವಿಗೆ 11–12 ವರ್ಷ. ನೂರರಲ್ಲಿ ಒಬ್ಬಿಬ್ಬರಿಗೆ ಇದು ದಾರಿ ತಪ್ಪಿ ಮೂಳೆಯೊಳಗೇ ಉಳಿಯುತ್ತದೆ. ಹುಡುಗಿಯರಲ್ಲಿ ಜಾಸ್ತಿ. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಹಾಲುಹಲ್ಲು ಸುಮ್ನೆ ಅಲ್ಲೇ ಕೂತಿರುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಡಾಕ್ಟರಿಗೆ ಮೊದಲು ಬೇಕಾದ ಉತ್ತರ ಒಂದೇ. ಹಲ್ಲು ತುಟಿಯ ಕಡೆ ಇದೆಯೋ, ಅಂಗುಳದ ಕಡೆ ಇದೆಯೋ? ಒಸಡು ಎಲ್ಲಿ ಬಿಡಿಸಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ರಾಂಟ್ಜೆನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದರು. 1896ರ ಜನವರಿಯಲ್ಲೇ ಜರ್ಮನಿಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆದರು. ಅದಕ್ಕೆ 25 ನಿಮಿಷ ಅಲ್ಲಾಡದೆ ಇರಬೇಕಾಯಿತು! ಆದರೆ ಚಿತ್ರ ಚಪ್ಪಟೆ. ಮುಂದಿನದು, ಹಿಂದಿನದು ಒಂದರ ಮೇಲೊಂದು ಬಿದ್ದಿರುತ್ತದೆ.

ಇದಕ್ಕೆ 1910ರ ಹೊತ್ತಿಗೆ ಬ್ರಿಟನ್ನಿನ ಸಿ. ಎ. ಕ್ಲಾರ್ಕ್ ಒಂದು ಜಾಣ ದಾರಿ ತೋರಿಸಿದರು. ಎಕ್ಸ್-ರೇ ಕೊಳವೆಯನ್ನು ಸ್ವಲ್ಪ ಸರಿಸಿ ಎರಡನೇ ಚಿತ್ರ ತೆಗೆಯುವುದು. ಬಸ್ಸಿನ ಕಿಟಕಿಯಿಂದ ನೋಡಿದರೆ ಹತ್ತಿರದ ಕಂಬ ಹಿಂದೆ ಓಡುತ್ತದೆ, ದೂರದ ಗುಡ್ಡ ನಮ್ಮ ಜೊತೆ ಬರುತ್ತದೆ, ಅಲ್ವಾ? ಇಲ್ಲೂ ಹಾಗೇ. ಕೋರೆಹಲ್ಲು ಕೊಳವೆಯ ಜೊತೆ ಸರಿದಂತೆ ಕಂಡರೆ ಅಂಗುಳದ ಕಡೆ ಇದೆ, ಎದುರು ದಿಕ್ಕಿಗೆ ಸರಿದರೆ ತುಟಿಯ ಕಡೆ. ದಂತ ಕಾಲೇಜುಗಳಲ್ಲಿ ಇದನ್ನು ಇವತ್ತಿಗೂ ಕಲಿಸುತ್ತಾರೆ. ಆಮೇಲೆ ಫಿನ್ಲೆಂಡಿನ ಪಾಟೆರೊ ಅವರ ಕೆಲಸದಿಂದ ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ ಒಪಿಜಿ ಬಂತು. ಅದೂ ಚಪ್ಪಟೆಯೇ.

ನಿಜವಾದ ತಿರುವು ಬಂದದ್ದು ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಅವರಿಂದ. 1988ರಲ್ಲಿ ಅವರು ಒಂದು ಸರಳ ವಿಷಯ ತೋರಿಸಿದರು. ಅಂಗುಳದ ಕಡೆ ವಾಲಿದ ಕೋರೆಹಲ್ಲಿರುವ 10–13 ವರ್ಷದ ಮಕ್ಕಳಿಗೆ ಹಾಲಿನ ಕೋರೆಹಲ್ಲನ್ನು ಕೀಳಿಸಿದರೆ, ಶೇ. 78ರಷ್ಟು ಹಲ್ಲುಗಳು ಸರಿದಾರಿಗೆ ಬಂದವು. 2000ದಲ್ಲಿ ಅವರೇ ಆಸ್ಪತ್ರೆಯ ಸಿಟಿ ಸ್ಕ್ಯಾನ್ ಬಳಸಿದರು. ಕಂಡದ್ದು ಗಾಬರಿ ಹುಟ್ಟಿಸುವಂಥದ್ದು. ಕೋರೆಹಲ್ಲು ದಾರಿ ತಪ್ಪಿದ ಮಕ್ಕಳಲ್ಲಿ ಶೇ. 48ರಷ್ಟು ಮಂದಿಗೆ ಬಾಚಿಹಲ್ಲಿನ ಬೇರು ಕರಗಿತ್ತು. ಮಾಮೂಲಿ ಎಕ್ಸ್-ರೇಯಲ್ಲಿ ಇದರಲ್ಲಿ ಎಷ್ಟೋ ಕಣ್ಣಿಗೇ ಬೀಳುತ್ತಿರಲಿಲ್ಲ. (ಇದು ತೊಂದರೆ ಇದ್ದ ಮಕ್ಕಳ ಲೆಕ್ಕ, ಎಲ್ಲ ಮಕ್ಕಳದ್ದಲ್ಲ.)

ಆದರೆ ಮಕ್ಕಳಿಗೆಲ್ಲ ಆಸ್ಪತ್ರೆಯ ಸಿಟಿ ಮಾಡಿಸಲಾದೀತೇ? ವಿಕಿರಣ ಜಾಸ್ತಿ. ಅಷ್ಟರಲ್ಲಿ ಇಟಲಿಯಲ್ಲಿ ಮೊಝೊ ಮತ್ತು ಸಂಗಡಿಗರು, ಜಪಾನಿನಲ್ಲಿ ಅರಾಯ್ ದಂತ ವೈದ್ಯರಿಗೆಂದೇ ಯಂತ್ರ ರೂಪಿಸಿದ್ದರು. 1998ರಲ್ಲಿ ಮೊಝೊ ತಂಡದ ವರದಿ ಬಂತು. ಅದೇ ಈಗಿನ ಸಿಬಿಸಿಟಿ. ಶಂಕುವಿನಾಕಾರದ ಕಿರಣ ತಲೆಯನ್ನು ಒಂದು ಸುತ್ತು ಹಾಕುತ್ತದೆ, ಕಂಪ್ಯೂಟರ್ ಮೂರು ಆಯಾಮದ ಚಿತ್ರ ಕಟ್ಟುತ್ತದೆ.

ಇದರಿಂದ ಚಿಕಿತ್ಸೆಯೇ ಬದಲಾಗಬಹುದು. ಒಸಡು ಬಿಡಿಸಿ, ಹಲ್ಲಿಗೆ ಪುಟ್ಟ ಗುಂಡಿ ಅಂಟಿಸಿ, ಸರಪಳಿ ಕಟ್ಟಿ ತಿಂಗಳುಗಟ್ಟಲೆ ಎಳೆಯುವುದು ಹಳೆಯ ಕ್ರಮ. ಯಾವ ದಿಕ್ಕಿಗೆ ಎಳೆದರೆ ಪಕ್ಕದ ಬೇರಿಗೆ ತಾಗುವುದಿಲ್ಲ ಅನ್ನುವುದು ಈಗ ಮೊದಲೇ ಗೊತ್ತಾಗುತ್ತದೆ. ಕ್ಲಿಪ್ ಹಾಕಲು ಜಾಗಕ್ಕಾಗಿ ಒಂದು ಹಲ್ಲು ಕೀಳಲೇಬೇಕಿದ್ದರೆ, ಗಟ್ಟಿ ಹಲ್ಲಿನ ಬದಲು ಬೇರು ಕರಗಿದ ಬಾಚಿಹಲ್ಲನ್ನೇ ಆರಿಸುವುದೂ ಉಂಟು.

ಹಾಗಂತ ಎಲ್ಲರಿಗೂ ಸ್ಕ್ಯಾನ್ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇದರ ವಿಕಿರಣ ಸಾಮಾನ್ಯವಾಗಿ ಒಪಿಜಿಗಿಂತ ಹೆಚ್ಚು. ಮಾಮೂಲಿ ಚಿತ್ರದಿಂದ ಉತ್ತರ ಸಿಗದಿದ್ದಾಗ ಮಾತ್ರ, ಅದೂ ಬೇಕಾದಷ್ಟೇ ಜಾಗಕ್ಕೆ ಎಂದು 2012ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. 9–10 ವರ್ಷದಲ್ಲಿ ಡಾಕ್ಟರು ಹಾಲುಹಲ್ಲಿನ ಮೇಲ್ಗಡೆ ಬೆರಳಾಡಿಸಿ ಉಬ್ಬು ಇದೆಯಾ ಎಂದು ನೋಡುವುದು ಈಗಲೂ ಮೊದಲ ಪರೀಕ್ಷೆ.

ಸ್ಕ್ಯಾನ್‌ಗೂ ಸುಲಭಕ್ಕೆ ಸಿಗದ ಸಂಗತಿ ಒಂದಿದೆ. ಹಲ್ಲಿನ ಬೇರು ಮೂಳೆಗೇ ಬೆಸೆದುಕೊಂಡಿದೆಯಾ ಅನ್ನುವುದು. ಎಷ್ಟೋ ಸಲ ಅದು ಎಳೆಯಲು ಶುರುಮಾಡಿದ ಮೇಲೆಯೇ ತಿಳಿಯುತ್ತದೆ: ಕೋರೆಹಲ್ಲು ಕದಲುವುದಿಲ್ಲ, ಆಸರೆಗೆ ಕಟ್ಟಿದ ಪಕ್ಕದ ಹಲ್ಲುಗಳೇ ಮೇಲಕ್ಕೆ ಸರಿಯತೊಡಗುತ್ತವೆ.